ಪಾಲಕರ ಇಚ್ಛೆಯ ಮೇರೆಗೆ: ಕಲಬುರಗಿ ಸೀಮೆಯ ಕೆಲಸ, ಶಾಲೆ, ಮನೆತನ

ಜೂನ್ ಬಂತೆಂದರೆ ಹೈದರಾಬಾದಿನ ನಮ್ಮ ಶಾಲೆಯಲ್ಲಿ ನನಗೊಂದು ಹೆಚ್ಚುವರಿ ಕೆಲಸ. ನಾನು ಕಲಿಸುವುದು ಉರ್ದು ಮತ್ತು ಸಮಾಜ ವಿಜ್ಞಾನ. ಆದರೆ ದಾಖಲಾತಿಯ ದಿನಗಳಲ್ಲಿ ಆಫೀಸಿನ ಗುಮಾಸ್ತರು ಪಾಠದ ನಡುವೆಯೇ ಆಯಾಳನ್ನು ಕಳಿಸುತ್ತಾರೆ. ಕನ್ನಡದ ಟಿ.ಸಿ. ಬಂದಿದೆ, ಮೇಡಂ ಬಂದು ಓದಿ ಹೇಳಬೇಕಂತೆ. ಹೋಗಿ ನೋಡಿದರೆ ಮೇಜಿನ ಮುಂದೆ ಒಬ್ಬ ತಾಯಿ, ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗ, ಮೇಜಿನ ಮೇಲೆ ನಾಲ್ಕಾಗಿ ಮಡಚಿದ ಕಾಗದ. ಊರು ಚಿತ್ತಾಪುರದ ಕಡೆಯದೋ, ಸೇಡಂ ಕಡೆಯದೋ, ಯಾದಗಿರಿಯದೋ ಆಗಿರುತ್ತದೆ. ಹೆಸರು ಕೆಲವು ಸಲ ನಮ್ಮವರದು, ಕೆಲವು ಸಲ ಲಂಬಾಣಿಯವರದು, ಕಬ್ಬಲಿಗರದು, ದಲಿತರದು. ತಂದೆಯ ಉದ್ಯೋಗ ಎಂಬಲ್ಲಿ ಮಾತ್ರ ಬದಲಾವಣೆ ಇರುವುದಿಲ್ಲ: ಕೂಲಿ. ಶಾಲೆ ಬಿಡಲು ಕಾರಣ ಎಂಬಲ್ಲಿಯೂ ಒಂದೇ ಮಾತು: ಪಾಲಕರ ಇಚ್ಛೆಯ ಮೇರೆಗೆ.

ಈ ಕೊನೆಯ ಸಾಲನ್ನು ಗುಮಾಸ್ತರಿಗೆ ಉರ್ದುವಿನಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಮುಜುಗರವಾಗುತ್ತದೆ. ಎದುರಿಗೆ ನಿಂತ ತಾಯಿಯ ಮುಖ ನೋಡಿದರೆ ಇದರಲ್ಲಿ ಇಚ್ಛೆ ಎಷ್ಟಿದೆ ಅಂತ ಗೊತ್ತಾಗುತ್ತದೆ. "ಅಲ್ಲಿ ಕೆಲಸ ಇಲ್ರಿ ಟೀಚರ, ಅತ್ತಿ ತೀರಿಕೊಂಡ್ರು, ಹುಡುಗನ್ನ ಯಾರ ಹಂತ್ಯಾಕ ಬಿಡೋದ್ರಿ?" ಅಂತ ಒಬ್ಬಾಕೆ ಹೇಳಿದ್ದಳು. ಆ ಒಂದು ಮಾತಿನಲ್ಲಿ ಕೆಲಸ, ಶಾಲೆ, ಮನೆ ಮೂರೂ ಬಂದುಬಿಟ್ಟವು.

ನಮ್ಮ ಕಡೆಯ ಬಡತನದ ಬಗ್ಗೆ ಮಾತು ಬಂದಾಗ ಎರಡು ಉತ್ತರ ಸಿದ್ಧವಾಗಿರುತ್ತವೆ. ಬೆಂಗಳೂರಿನವರು "ಅದು ಹಿಂದುಳಿದ ಪ್ರದೇಶ" ಅಂತಾರೆ, ಹಿಂದುಳಿಯುವುದು ಮಣ್ಣಿನ ಗುಣ ಎಂಬಂತೆ. ನಮ್ಮ ಜಮಾತಿನ ಹಿರಿಯರು "ನಮ್ಮವರು ಓದೋದಿಲ್ಲ, ಮನೆ ತುಂಬ ಮಕ್ಕಳು" ಅಂತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಹೇಳಬೇಕಾದರೆ ನಿಜಾಮರ ಕಾಲದಿಂದ ಶುರು ಮಾಡಬೇಕು.

ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಅದರಲ್ಲಿ ಕನ್ನಡ ಸೀಮೆ ಎಂದರೆ ಮುಖ್ಯವಾಗಿ ಗುಲ್ಬರ್ಗಾ, ರಾಯಚೂರು, ಬೀದರ್. ಸಂಸ್ಥಾನದಲ್ಲಿ ತೆಲುಗರೇ ಹೆಚ್ಚು, ನಂತರ ಮರಾಠಿಗರು. ಕನ್ನಡ ಮಾತಾಡುವವರೂ ಉರ್ದು ಮಾತಾಡುವವರೂ ನೂರಕ್ಕೆ ಹನ್ನೊಂದು ಹನ್ನೆರಡರ ಆಸುಪಾಸು. ಆದರೆ 19ನೆಯ ಶತಮಾನದ ಕೊನೆಗೆ ಪರ್ಷಿಯನ್ನಿನ ಜಾಗಕ್ಕೆ ಆಡಳಿತ ಭಾಷೆಯಾಗಿ ಬಂದದ್ದು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿದರು. ಅದಕ್ಕಾಗಿ ಅನುವಾದದ ಇಲಾಖೆಯನ್ನೇ ತೆರೆದರು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಪ್ರಯೋಗದ ಬಗ್ಗೆ ಉರ್ದು ಟೀಚರಾಗಿ ನನಗೆ ಹೆಮ್ಮೆಯಿದೆ. ಆದರೆ ಅದೇ ಹೊತ್ತಿನಲ್ಲಿ ಜೇವರ್ಗಿಯ ಒಬ್ಬ ರೈತನ ಮಗ ಶಾಲೆಗೆ ಹೋದರೆ ಮನೆಯ ಮಾತು ಬೇರೆ, ಮುಂದಿನ ಓದಿನ ಭಾಷೆ ಬೇರೆ, ಕೋರ್ಟು ಕಚೇರಿಯ ಭಾಷೆಯೂ ಬೇರೆ. ಕನ್ನಡದ ಮಕ್ಕಳಿಗೆ ಬಾಗಿಲು ಅರ್ಧ ಮುಚ್ಚಿತ್ತು. ಇದನ್ನು ನಾವು ಹೇಳದಿದ್ದರೆ ಮುಂದೆ ನಮ್ಮ ನೋವನ್ನು ಹೇಳುವ ಹಕ್ಕು ನಮಗಿರುವುದಿಲ್ಲ.

ಹಾಗಂತ ಸಂಸ್ಥಾನದ ಮುಸ್ಲಿಮರೆಲ್ಲ ಸುಖವಾಗಿದ್ದರು ಎಂಬುದೂ ಸುಳ್ಳು. ದೊಡ್ಡ ಹುದ್ದೆಗಳಿಗೆ ಉತ್ತರ ಭಾರತದಿಂದ ಜನ ಬರುತ್ತಿದ್ದರು. ಅದರ ಮೇಲೆ ಮುಲ್ಕಿ, ಗೈರ್ ಮುಲ್ಕಿ ಎಂಬ ಜಗಳ ಹುಟ್ಟಿತು. ಸ್ಥಳೀಯರಿಗೆ ನೌಕರಿ ಎಂಬ ಮುಲ್ಕಿ ನಿಯಮ 1919ರದು. ಜಮೀನಿನ ಸುಮಾರು ಐದರಲ್ಲಿ ಎರಡು ಪಾಲು ಜಾಗೀರುಗಳಲ್ಲಿ ಮತ್ತು ನಿಜಾಮರ ಸ್ವಂತದ ಸರ್ಫ್-ಎ-ಖಾಸ್‌ನಲ್ಲಿ ಸೇರಿಹೋಗಿತ್ತು. ಸಾಮಾನ್ಯ ಮುಸ್ಲಿಂ ಮನೆಗೆ ಸಿಗುತ್ತಿದ್ದದ್ದು ಸಣ್ಣ ಸರ್ಕಾರಿ ಕೆಲಸ: ಜವಾನ, ಪೊಲೀಸ್, ಫೌಜಿನ ಸಿಪಾಯಿ, ಕಚೇರಿಯ ಮುಹರ್ರಿರ್. ಹೊಲವೂ ಇಲ್ಲ, ವ್ಯಾಪಾರದ ಬಂಡವಾಳವೂ ಇಲ್ಲ. ತಿಂಗಳ ಸಂಬಳವೊಂದೇ ಆಸ್ತಿ. ಇಡೀ ಮನೆತನ ಒಂದು ಸಂಬಳದ ಮೇಲೆ ನಿಂತಿತ್ತು.

ನನ್ನ ದಾದಾ ಹಾಗೆ ಒಬ್ಬ ಮುಹರ್ರಿರ್. ತಹಸೀಲ್ ಕಚೇರಿಯಲ್ಲಿ ನಕಲು ಬರೆಯುವ ಕೆಲಸ. ಶಿಕಸ್ತಾ ಬರವಣಿಗೆಯಲ್ಲಿ ಅವರ ಕೈ ಬಹಳ ಓಡುತ್ತಿತ್ತಂತೆ. ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ. ಬೈಯುವುದಕ್ಕೂ ಚೌಕಾಸಿ ಮಾಡುವುದಕ್ಕೂ ಕನ್ನಡವೇ ಆಗಬೇಕು. ಆದರೆ ಕನ್ನಡದ ಒಂದಕ್ಷರವನ್ನೂ ಅವರು ಬರೆದವರಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

1948ರ ವರ್ಷ ಬಂತು. ರಜಾಕಾರರು ಹಳ್ಳಿಗಳಲ್ಲಿ ಮಾಡಿದ ಅನ್ಯಾಯಕ್ಕೆ ಲೆಕ್ಕವಿಲ್ಲ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಆ ಊರು ಇನ್ನೂ ಮರೆತಿಲ್ಲ, ಮರೆಯಲೂಬಾರದು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು 17ಕ್ಕೆ ನಿಜಾಮರು ಶರಣಾದರು. ಆಮೇಲಿನ ವಾರಗಳಲ್ಲಿ ಸೇಡಿಗೆ ಸಿಕ್ಕವರು ಬಹಳ ಮಂದಿ ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್ ಅವರ ತಂಡ ಊರೂರು ತಿರುಗಿ, ಸತ್ತವರು 27,000ದಿಂದ 40,000ದಷ್ಟು ಎಂದು ಅಂದಾಜು ಬರೆಯಿತು. ಅತಿ ಹೆಚ್ಚು ನಷ್ಟವಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇವೆ. ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ್. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

ಗಾಯ ಕೆದಕಬೇಕು ಅಂತ ಇದನ್ನು ಬರೆಯುತ್ತಿಲ್ಲ. ಸತ್ತವರ ಸಂಖ್ಯೆಯನ್ನು ರಾಜಕೀಯವಾಗಿ ಮಾತಾಡುವವರು ಉಳಿದವರ ಮನೆಗಳ ಬಗ್ಗೆ ಮಾತಾಡುವುದಿಲ್ಲ. ದುಡಿಯುವ ಗಂಡಸರು ಹೋದ ಮೇಲೆ ಮನೆ ಎಂದರೆ ಒಬ್ಬ ವಿಧವೆ, ಅವಳ ಅತ್ತೆ, ಚಿಕ್ಕ ಮಕ್ಕಳು. ನಮ್ಮ ಓಣಿಯಲ್ಲಿ ಹಳೆಯ ಮನೆತನಗಳನ್ನು ಇವತ್ತಿಗೂ ಗಂಡಸಿನ ಹೆಸರಿನಿಂದ ಕರೆಯುವುದಿಲ್ಲ. ಅದು ಹೊಲಿಗೆ ಬೂಬಮ್ಮನ ಮನೆ, ಇದು ರೊಟ್ಟಿ ಬೂಬಮ್ಮನ ಮನೆ. ಹೊಲಿದೋ ರೊಟ್ಟಿ ಬಡಿದೋ ಮಕ್ಕಳನ್ನು ಸಾಕಿದವರು ಅವರು. ಅಂಥ ಮನೆಯ ದೊಡ್ಡ ಮಗನನ್ನು ಶಾಲೆಗೆ ಕಳಿಸುವುದು ಹೇಗೆ?

ಫೌಜು ವಿಸರ್ಜನೆಯಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ರದ್ದಾಗಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗೀರಿನ ದಫ್ತರುಗಳಲ್ಲಿ, ದೇವಡಿಗಳಲ್ಲಿ ಕೆಲಸಕ್ಕಿದ್ದವರ ಅನ್ನವೂ ಅದರ ಜೊತೆಗೇ ಹೋಯಿತು. ಮೇಲಿನ ಅಧಿಕಾರಿಗಳು ಮದ್ರಾಸು, ಮುಂಬೈ ಪ್ರಾಂತಗಳಿಂದ ಬಂದರು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉರ್ದು ಕಡತಗಳು ಕಪಾಟು ಸೇರಿದವು.

ಇಲ್ಲಿ ಒಂದು ತಮಾಷೆ ನೋಡಿ. ಅರ್ಜಿ, ಜಮೀನು, ದಾಖಲೆ, ವಕೀಲ, ತಹಸೀಲ್ದಾರ, ಜಮಾಬಂದಿ, ಖಾತೆ, ಜವಾನ ಎಲ್ಲ ಶಬ್ದಗಳೂ ಕನ್ನಡದ ಕಚೇರಿಯಲ್ಲಿ ಹಾಗೇ ಉಳಿದವು. ಆ ಶಬ್ದಗಳನ್ನು ಬರೆಯುತ್ತಿದ್ದವರಿಗೆ ಮಾತ್ರ ಅಲ್ಲಿ ಕೆಲಸ ಕಷ್ಟವಾಯಿತು. ದಾದಾ 35 ದಾಟಿದ ಮೇಲೆ ಸ್ಲೇಟು ಹಿಡಿದು ಕನ್ನಡ ಅಕ್ಷರ ತಿದ್ದಿದರು. ತಿದ್ದಿಸಿದ್ದು ಪಕ್ಕದ ಮನೆಯ ಜಂಗಮರ ಹುಡುಗ, ಮೂರನೇ ಕ್ಲಾಸಿನವನು. ದಾದಾ ಒತ್ತಕ್ಷರಕ್ಕೆ ಬಂದು ನಿಂತುಬಿಟ್ಟರು ಅಂತ ದಾದಿ ನಗುತ್ತಾ ಹೇಳುತ್ತಿದ್ದರು. ನಗುವ ಮಾತೇನಾಗಿರಲಿಲ್ಲ. ನಕಲು ಬರೆಯುವ ಗುಮಾಸ್ತ ಕಡತ ಹೊರುವ ಕೆಲಸಕ್ಕೆ ಇಳಿದು ಅದರಲ್ಲೇ ನಿವೃತ್ತರಾದರು. ಓದು ಬಲ್ಲ ಮನುಷ್ಯ ಒಂದೇ ಜನ್ಮದಲ್ಲಿ ಅನಕ್ಷರಸ್ಥನಾದ.

ಇದರ ಪರಿಣಾಮ ಅವರ ಸಂಬಳಕ್ಕಿಂತ ಹೆಚ್ಚು ಅವರ ಮಕ್ಕಳ ಮೇಲೆ ಆಯಿತು. "ಓದಿ ನಾನೇನು ಪಡೆದೆ?" ಎಂಬ ಪ್ರಶ್ನೆ ಮನೆಯೊಳಗೆ ಬಂದು ಕೂತಿತು. ಅಬ್ಬಾನನ್ನು ಹನ್ನೆರಡನೆಯ ವಯಸ್ಸಿಗೆ ಮೋಟಾರು ಗ್ಯಾರೇಜಿನ ಉಸ್ತಾದರ ಹತ್ತಿರ ಬಿಟ್ಟರು. ಮೊದಲ ಎರಡು ವರ್ಷ ಸಂಬಳವಿಲ್ಲ, ಊಟ ಮತ್ತು ಈದಿಗೆ ಬಟ್ಟೆ. ಕಲಬುರಗಿ, ರಾಯಚೂರು, ಬೀದರ್ ಯಾವ ಪಟ್ಟಣಕ್ಕೆ ಹೋಗಿ ನೋಡಿದರೂ ಗ್ಯಾರೇಜು, ವೆಲ್ಡಿಂಗು, ಹೊಲಿಗೆ, ಹಣ್ಣಿನ ಬಂಡಿ, ಗಾದಿ ತುಂಬುವುದು ಇವೇ ನಮ್ಮವರ ಕಸುಬು. ಇದನ್ನು ಜನ ಸ್ವಭಾವ ಅಂತ ತಿಳಿಯುತ್ತಾರೆ. ಸರ್ಕಾರಿ ಸಂಬಳ ನಿಂತ ಮೇಲೆ ಹೊಲವಿಲ್ಲದ, ಬಂಡವಾಳವಿಲ್ಲದ ಮನೆ ತನ್ನ ಹುಡುಗರನ್ನು ಎಲ್ಲಿ ಇಡಲು ಸಾಧ್ಯವಿತ್ತೋ ಅಲ್ಲಿ ಇಟ್ಟಿತು. ಲೆಕ್ಕ ಅಷ್ಟೇ. 2006ರ ಸಾಚಾರ್ ಸಮಿತಿ ಇಡೀ ದೇಶದ ಮುಸ್ಲಿಮರಲ್ಲಿ ಸ್ವಂತ ಕಸುಬಿನವರು ಹೆಚ್ಚು, ಸಂಬಳದ ನೌಕರಿಯವರು ಕಡಿಮೆ ಎಂದು ತೋರಿಸಿದಾಗ ನಮ್ಮ ಸೀಮೆಯವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಪ್ರಾಂತ್ಯದ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 1951ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ ನೂರಕ್ಕೆ ಸುಮಾರು 20 ಜನ ಅಕ್ಷರಸ್ಥರು. ಹೈದರಾಬಾದ್ ರಾಜ್ಯದಲ್ಲಿ 10ರ ಒಳಗೆ. ಅರ್ಧದಷ್ಟು ಹಿಂದಿದ್ದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಓಟ ಶುರು ಮಾಡಿದರು. ತೆಲಂಗಾಣದವರು ಆಂಧ್ರದ ಜೊತೆ ಸೇರುವಾಗ 1956ರಲ್ಲೇ ಒಪ್ಪಂದ ಬರೆಸಿಕೊಂಡಿದ್ದರು. ಜಗಳವಾಡಿ, ಬೀದಿಗಿಳಿದು, 1973ರಲ್ಲಿ ಸಂವಿಧಾನದ 371ಡಿ ಕಲಂ ಪಡೆದರು. ಅದೇ ಸಂಸ್ಥಾನದಿಂದ ಬಂದ ನಮ್ಮ ಜಿಲ್ಲೆಗಳಿಗೆ 371ಜೆ ಸಿಕ್ಕಿದ್ದು 2012ರ ಕೊನೆಗೆ ಸಂಸತ್ತು ತಿದ್ದುಪಡಿ ಒಪ್ಪಿದ ಮೇಲೆ. ನಡುವೆ 39 ವರ್ಷ. ಅಷ್ಟರಲ್ಲಿ ಎರಡು ತಲೆಮಾರು ಶಾಲೆ ಬಿಟ್ಟು ದುಡಿಮೆಗೆ ಹೋಗಿಯಾಗಿತ್ತು.

ರೈಲು ಹಳಿಗಳನ್ನು ನೋಡಿದರೂ ಸಾಕು. ಮುಂಬೈ ಕಡೆಯಿಂದ ಗುಲ್ಬರ್ಗಾ, ವಾಡಿ ಮೇಲೆ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಬೀದರಿನಿಂದ ಹೈದರಾಬಾದಿಗೆ ರೈಲಿತ್ತು, ಆದರೆ ಬೀದರಿನಿಂದ ತನ್ನದೇ ವಿಭಾಗದ ಕೇಂದ್ರವಾದ ಕಲಬುರಗಿಗೆ ನೇರ ಹಳಿ ಪೂರ್ತಿಯಾದದ್ದು 2017ರಲ್ಲಿ. ಹಳಿ ಯಾವ ಕಡೆ ಇದೆಯೋ ಕೂಲಿ ಆ ಕಡೆ ಹೋಗುತ್ತದೆ. ಹೀಗಾಗಿ ನಮ್ಮ ಜನಕ್ಕೆ ಪಟ್ಟಣ ಎಂದರೆ ಮುಂಬೈ, ಪುಣೆ, ಹೈದರಾಬಾದ್. ಬೆಂಗಳೂರು ಬಹಳ ಕಾಲ ಪರದೇಶವೇ ಆಗಿತ್ತು.

ಊರಲ್ಲೇ ಕೆಲಸ ಹುಟ್ಟಲಿಲ್ಲವೇ? ಹುಟ್ಟಿತು. 1880ರ ದಶಕದಲ್ಲೇ ಗುಲ್ಬರ್ಗಾದಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಶುರುವಾಗಿತ್ತು. ಎಂ.ಎಸ್.ಕೆ. ಮಿಲ್ ಅಂತ ಎಲ್ಲರ ಬಾಯಲ್ಲೂ ಇದ್ದ ಗಿರಣಿ. ಸುತ್ತಲಿನ ಮೊಹಲ್ಲಾಗಳು ಅದರ ಭೋಂಗಾ ಕೇಳಿ ಏಳುತ್ತಿದ್ದವು. ಅದು ಮುಚ್ಚಿತು, ಈಗ ಆ ಹೆಸರು ಬಡಾವಣೆಗೆ ಉಳಿದಿದೆ. ಶಹಾಬಾದ್, ವಾಡಿಯ ಕಡೆ ಸಿಮೆಂಟು ಮತ್ತು ಕಲ್ಲಿನ ಗಣಿಗಳಿವೆ. ಆ ಕಲ್ಲು ಊರೂರಿನ ಮನೆಗಳ ನೆಲಕ್ಕೆ ಹೋಗುತ್ತದೆ, ಕಲ್ಲು ಕಡಿಯುವವನ ಮಗ ಅದೇ ಗಣಿಗೆ ಹೋಗುತ್ತಾನೆ. ಇಡೀ ರಾಜ್ಯಕ್ಕೆ ತೊಗರಿ ಕಣಜ ಅಂತ ಕಲಬುರಗಿಗೆ ಹೆಸರು. ಆದರೆ ತೊಗರಿ ಮಳೆ ನಂಬಿದ ಬೆಳೆ, ರಾಶಿ ಮುಗಿದ ಮೇಲೆ ಕೂಲಿಯವನಿಗೆ ಊರಲ್ಲಿ ಏನೂ ಕೆಲಸವಿಲ್ಲ. ಗುಳೆ ಹೋಗುವುದು ಆಗಲೇ.

ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 39ನ್ನು ಅತ್ಯಂತ ಹಿಂದುಳಿದವು ಎಂದಿತು. ಅದರಲ್ಲಿ 21 ಗುಲ್ಬರ್ಗಾ ವಿಭಾಗದವು, ಎಲ್ಲಕ್ಕಿಂತ ಕೆಳಗೆ ದೇವದುರ್ಗ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75, ಯಾದಗಿರಿಯದು ಶೇ. 52ರಷ್ಟು. ಯಾದಗಿರಿಯ ಹೆಂಗಸರದು ಶೇ. 41. ನಾನು ಕ್ಲಾಸಿನಲ್ಲಿ ಈ ಅಂಕಿಗಳನ್ನು ಹೇಳುವಾಗ ಮಕ್ಕಳು ಬರೆದುಕೊಳ್ಳುತ್ತಾರೆ. ಆ ಕಡೆಯಿಂದ ಬಂದ ಮಕ್ಕಳು ಬರೆದುಕೊಳ್ಳುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಈಗ ಮನೆತನದ ಮಾತಿಗೆ ಬರುತ್ತೇನೆ. "ಮನೆ ತುಂಬ ಮಕ್ಕಳು, ಅದಕ್ಕೇ ಬಡತನ" ಎನ್ನುವವರು ಬಡ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಒಳಗಿಂದ ನೋಡಿದವರಲ್ಲ. ನಾವು ನಾಲ್ಕು ಜನ ಮಕ್ಕಳು. ದೊಡ್ಡಣ್ಣ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಹೈದರಾಬಾದಿನ ಹಣ್ಣಿನ ಮಂಡಿಗೆ ಬಂದ. ಅಕ್ಕ ನಮ್ಮೂರಿನ ಉರ್ದು ಶಾಲೆಯಲ್ಲಿ ಏಳರ ತನಕ ಓದಿದಳು. ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಕನ್ನಡ ಹೈಸ್ಕೂಲು, ಅದೂ ನಾಲ್ಕು ಕಿಲೋಮೀಟರು ದೂರ. ಭಾಷೆಯೂ ಬದಲು, ದಾರಿಯೂ ದೂರ. ಅವಳ ಓದು ಏಳಕ್ಕೇ ನಿಂತಿತು, ಹದಿನೇಳಕ್ಕೆ ಮದುವೆಯಾಯಿತು. ಜೋಡೇ ಕೀ ರಕಮ್ ಎಂಬ ಶನಿ ನಮ್ಮ ಕಡೆ ಇದೆ. ದೀನಿನಲ್ಲಿ ಅದಕ್ಕೆ ಆಧಾರವಿಲ್ಲ, ಮೆಹರ್ ಕೊಡಬೇಕಾದವನು ಗಂಡು. ಆದರೂ ಕೊಟ್ಟರು, ಅಣ್ಣನ ಮೂರು ವರ್ಷದ ದುಡಿಮೆ ಅದಕ್ಕೆ ಹೋಯಿತು. ಎರಡನೆಯ ಅಣ್ಣ ಅಬ್ಬಾನ ಗ್ಯಾರೇಜಿಗೆ ಕೂತ. ನಾನು ಕೊನೆಯವಳು. ಅಕ್ಕನಿಗೆ ಆದದ್ದನ್ನು ನೋಡಿ ಅಮ್ಮಿ ನನ್ನನ್ನು ಒಂದನೇ ಕ್ಲಾಸಿಗೇ ಕನ್ನಡ ಶಾಲೆಗೆ ಹಾಕಿದರು. ಉರ್ದು ಮನೆಯಲ್ಲಿ, ದಾದಿಯ ಹತ್ತಿರ.

ನನ್ನ ಬಿ.ಎಡ್. ಫೀಸನ್ನು ಕಟ್ಟಿದ್ದು ದೊಡ್ಡಣ್ಣ. ಒಂಬತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಅವನೇ ಮೊದಲು ಅಂತ ಅವನ ಮಾಸ್ತರರು ನನಗೆ ಹೇಳಿದ್ದು ನಾನು ಟೀಚರಾದ ಮೇಲೆ. ಅವನು ನನಗೆ ಯಾವತ್ತೂ ಹೇಳಿರಲಿಲ್ಲ. ದೊಡ್ಡ ಕುಟುಂಬ ನಮ್ಮನ್ನು ಬಡವರನ್ನಾಗಿ ಮಾಡಿತೋ, ಒಬ್ಬಳನ್ನಾದರೂ ದಡ ಸೇರಿಸಿತೋ? ನನ್ನ ಮಟ್ಟಿಗೆ ಎರಡನೆಯದೇ ನಿಜ. ಅದಕ್ಕೆ ತೆತ್ತ ಬೆಲೆ ಮಾತ್ರ ಅಣ್ಣನದು, ಅಕ್ಕನದು.

ಗುಳೆ ಹೋಗುವ ಮನೆಗಳಲ್ಲಿ ಇದು ಇನ್ನೂ ಸ್ಪಷ್ಟ. ಊರಲ್ಲಿ ಅಜ್ಜಿ ಇದ್ದರೆ ಮಗು ಅವಳ ಹತ್ತಿರ ಇದ್ದು ಶಾಲೆಗೆ ಹೋಗುತ್ತದೆ, ರೇಷನ್ ಅಕ್ಕಿ ಅಲ್ಲೇ ಸಿಗುತ್ತದೆ, ತಂದೆತಾಯಿ ಹೈದರಾಬಾದಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸ ಮಾಡಿ ದುಡ್ಡು ಕಳಿಸುತ್ತಾರೆ. ಯಾವ ಸರ್ಕಾರಿ ಹಾಸ್ಟೆಲಿಗಿಂತಲೂ ಹೆಚ್ಚು ಮಕ್ಕಳನ್ನು ಶಾಲೆಯಲ್ಲಿ ಉಳಿಸಿರುವವರು ಈ ಅಜ್ಜಿಯರು ಅಂತ ನನ್ನ ಅನುಭವ. ಅಜ್ಜಿ ತೀರಿಕೊಂಡಳೋ, ಆ ವರ್ಷವೇ ಟಿ.ಸಿ. ಬರೆಸುತ್ತಾರೆ. ಹುಡುಗಿಯಾದರೆ ಟಿ.ಸಿ. ಕೂಡ ಬರೆಸುವುದಿಲ್ಲ. ತಾಯಿ ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಅವಳು ಬೇಕು. ನನ್ನ ಮೇಜಿನ ಮುಂದೆ ಬರುವವರಲ್ಲಿ ಹುಡುಗರೇ ಹೆಚ್ಚು ಏಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

1956ರಲ್ಲಿ ಗಡಿ ಎಳೆದಾಗ ಬೀದರ್ ಮೂರು ಪಾಲಾಯಿತು. ಉದಗೀರ್, ನಿಲಂಗಾ ಮರಾಠಿ ಕಡೆ, ಜಹೀರಾಬಾದ್ ತೆಲುಗು ಕಡೆ, ಉಳಿದದ್ದು ಕನ್ನಡಕ್ಕೆ. ಗುಲ್ಬರ್ಗಾದ ತಾಂಡೂರು, ರಾಯಚೂರಿನ ಗದ್ವಾಲ್ ಆಂಧ್ರಕ್ಕೆ. ನೆಂಟಸ್ತನ ಮಾತ್ರ ಹಳೆಯ ಗಡಿಯಲ್ಲೇ ನಡೆಯುತ್ತದೆ. ಒಂದೇ ಮನೆತನದ ಮಕ್ಕಳು ಮೂರು ರಾಜ್ಯದಲ್ಲಿ ಮೂರು ಲಿಪಿ ಕಲಿಯುತ್ತಾರೆ. ಮದುವೆಯಲ್ಲಿ ಸೇರಿದಾಗ ದಖನಿಯಲ್ಲಿ ಹರಟುತ್ತಾರೆ, ಆದರೆ ಒಬ್ಬರ ಮಾರ್ಕ್ಸ್ ಕಾರ್ಡನ್ನು ಇನ್ನೊಬ್ಬರು ಓದಲಾರರು.

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಒಂದು ವಿಷಯ. ನಮ್ಮ ಸೀಮೆಯಲ್ಲಿ ಅನ್ನದ ಭಾಷೆ ಮೂರು ಸಲ ಬದಲಾಗಿದೆ. ಮೊದಲ ಸಲ ಉರ್ದು ಬಂದಾಗ ಕನ್ನಡದ ರೈತನ ಮಗ ಹೊರಗೆ ನಿಂತ. ಎರಡನೆಯ ಸಲ ಕನ್ನಡ ಬಂದಾಗ ಮುಹರ್ರಿರನ ಮಗ ಹೊರಗೆ ನಿಂತ. ಮೊದಲು ಕಳೆದುಕೊಂಡವರು ಹಿಂದೂಗಳು, ಆಮೇಲೆ ಕಳೆದುಕೊಂಡವರು ಮುಸ್ಲಿಮರು ಅಂತ ಲೆಕ್ಕ ಹಾಕಿ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಾ ಕೂತಿದ್ದೇವೆ. ಈಗ ನಡೆಯುತ್ತಿರುವುದು ಮೂರನೆಯ ಸಲದ್ದು. ಲಿಂಗಂಪಳ್ಳಿಯಲ್ಲಿ ಬುತ್ತಿ ಗಂಟು ಹಿಡಿದು ರೈಲು ಇಳಿಯುವ ರೈತನ ಮೊಮ್ಮಗ, ಮುಹರ್ರಿರನ ಮೊಮ್ಮಗ ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಬಾರದ ತೆಲುಗಿನ ಅಕ್ಷರ ತಿದ್ದುತ್ತಾರೆ.

371ಜೆ ಬಂದ ಮೇಲೆ ಬದಲಾವಣೆ ಇಲ್ಲವೆಂದಲ್ಲ. ಆ ಭಾಗದ ಕಚೇರಿಗಳಲ್ಲಿ ಕೆಳ ದರ್ಜೆಯ ಹುದ್ದೆಗಳಲ್ಲಿ ಶೇ. 80, 85ರಷ್ಟು ಸ್ಥಳೀಯರಿಗೆ, ವಿಶ್ವವಿದ್ಯಾಲಯದ ಸೀಟುಗಳಲ್ಲಿ ಶೇ. 70. ನನ್ನ ಚಿಕ್ಕಪ್ಪನ ಮಗಳು ಇದರಿಂದಲೇ ನರ್ಸಿಂಗ್ ಸೀಟು ಪಡೆದಳು. 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಆದರೆ ಮೀಸಲು ಸಿಗುವುದು ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮುಗಿಸಿದವರಿಗೆ. ಐದನೇ ಕ್ಲಾಸಿನಲ್ಲಿ ಟಿ.ಸಿ. ಹಿಡಿದು ಇಲ್ಲಿಗೆ ಬಂದವನು ಆ ಬಾಗಿಲಿನ ತನಕ ತಲುಪುವುದೇ ಇಲ್ಲ. ಅವನಿಗೆ ಬೇಕಿರುವುದು ತಂದೆಗೆ ಊರಲ್ಲಿ ವರ್ಷಪೂರ್ತಿ ಕೆಲಸ, ಇಲ್ಲವೇ ಅಜ್ಜಿ ಇಲ್ಲದ ಮಗುವಿಗೆ ಊರಲ್ಲೇ ಒಂದು ಹಾಸ್ಟೆಲು, ಹುಡುಗಿಯರಿಗೆ ಎಂಟನೇ ಕ್ಲಾಸು ಹತ್ತಿರದಲ್ಲಿ. ಉರ್ದು ಶಾಲೆ ಉಳಿಸಿ ಎಂದು ಸಭೆ ಮಾಡುವ ನಮ್ಮ ಹಿರಿಯರು ಅದರಲ್ಲಿ ಕನ್ನಡವನ್ನು ಚೆನ್ನಾಗಿ ಕಲಿಸುವ ಮಾಸ್ತರರನ್ನೂ ಕೇಳಬೇಕು. ನನಗೆ ಎರಡೂ ಬಂದದ್ದರಿಂದ ಒಂದೂ ಕಡಿಮೆಯಾಗಲಿಲ್ಲ.

ಅತ್ತೆ ತೀರಿಕೊಂಡ ಆ ತಾಯಿಯ ಮಗನನ್ನು ನಮ್ಮಲ್ಲಿ ಐದನೇ ಕ್ಲಾಸಿಗೆ ಸೇರಿಸಿಕೊಂಡೆವು. ಹೋಗುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿದಳು, "ಮಳಿ ಚಲೋ ಆಗಿ ನಾವು ದೀಪಾವಳಿಗಿ ತಿರುಗಿ ಊರಿಗಿ ಹೋದ್ರ, ಅಲ್ಲಿ ಸಾಲಿಯಾಗ ಮತ್ತ ತಗೋತಾರೇನ್ರಿ?" ನಾನು ಒಂದು ಬಿಳಿ ಹಾಳೆ ತೆಗೆದು ಅವರೂರಿನ ಮುಖ್ಯಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದುಕೊಟ್ಟೆ. ತಾರೀಕು ಹಾಕಲಿಲ್ಲ. ಆಕೆ ಅದನ್ನು ನಾಲ್ಕಾಗಿ ಮಡಚಿ, ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು.